ಹತ್ತುವ ಮುನ್ನ ಇಳಿಯುವುದನ್ನು ಕಲಿಯಿರಿ

ಸಮೀರವಾಡಿಯ ಸುತ್ತಮುತ್ತ ಹೇಳಿಕೊಳ್ಳುವಂಥ ಬೆಟ್ಟವಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಹೊಲ, ಹೊಲದ ತುಂಬ ಆಳೆತ್ತರದ ಕಬ್ಬು. ಅದಕ್ಕಿಂತ ಎತ್ತರದ್ದೆಂದರೆ ಸಕ್ಕರೆ ಕಾರ್ಖಾನೆಯ ಚಿಮಣಿ. ಆದರೆ ಇದೇ ಬಾಗಲಕೋಟೆ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಬಾದಾಮಿ ಇದೆ. ಅಲ್ಲಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಏರಲು ದೇಶ ವಿದೇಶಗಳಿಂದ ಜನ ಬರುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನ ಸಿಕ್ಕಿತು. ಮೊಬೈಲಿನಲ್ಲಿ ಬಂಡೆ ಹತ್ತುವವರ ಚಿತ್ರಗಳನ್ನು ನೋಡಿದ ನಮ್ಮ ಹುಡುಗ, ಹುಡುಗಿಯರು ರಜೆಯ ದಿನ ಮೋಟಾರ್ ಸೈಕಲ್ ಏರಿ ಬಾದಾಮಿಯ ದಾರಿ ಹಿಡಿಯುತ್ತಿದ್ದರೆ ಆಶ್ಚರ್ಯವಿಲ್ಲ.

ಇದು ಒಳ್ಳೆಯ ಹವ್ಯಾಸ. ಕೈಕಾಲು, ಬೆನ್ನು, ಉಸಿರು, ಏಕಾಗ್ರತೆ ಎಲ್ಲಕ್ಕೂ ಒಟ್ಟಿಗೆ ಕೆಲಸ ಕೊಡುವ ಇಂಥ ವ್ಯಾಯಾಮ ಅಪರೂಪ. ಆದರೆ ಕಲಿಯುವ ಕ್ರಮ ತಪ್ಪಿದರೆ ಆಗುವ ಅನಾಹುತವೂ ದೊಡ್ಡದು.

ಕೆಲವು ವರ್ಷಗಳ ಹಿಂದೆ ಇಪ್ಪತ್ತರ ಆಸುಪಾಸಿನ ಯುವಕನೊಬ್ಬನನ್ನು ಗೆಳೆಯರು ಎತ್ತಿಕೊಂಡು ನನ್ನ ಬಳಿ ಬಂದರು. ಬಲಗಾಲಿನ ಹಿಮ್ಮಡಿ ಊದಿಕೊಂಡು ನೀಲಿಗಟ್ಟಿತ್ತು. ಏನಾಯಿತೆಂದು ಕೇಳಿದೆ. “ಹತ್ತೂಮುಂದ ಏನೂ ಆಗಲಿಲ್ರಿ. ಇಳಿಯಾಕ ಬರಲಿಲ್ಲ, ಅದಕ್ಕ ಜಿಗದೆ” ಎಂದ. ಸುಮಾರು ಹತ್ತು ಅಡಿ ಎತ್ತರದ ಬಂಡೆ. ಹತ್ತು ಅಡಿ ಏನು ಮಹಾ ಎಂದು ನಿಮಗೂ ಅನಿಸಬಹುದು. ಲೆಕ್ಕ ಹಾಕಿ ನೋಡಿ: ಅಷ್ಟು ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಆ ವೇಗವೆಲ್ಲ ಒಂದು ಹಿಮ್ಮಡಿಯ ಮೇಲೆ ಬಂದು ನಿಲ್ಲುತ್ತದೆ. ಅವನ ಹಿಮ್ಮಡಿ ಮೂಳೆ ಒಡೆದಿತ್ತು. ಬೆನ್ನು ಕೊಂಚ ನೋಯುತ್ತದೆ ಎಂದು ಅವನು ಹೇಳಿದ್ದು ನಾನು ಕೇಳಿದ ಮೇಲೆಯೇ. ಎಕ್ಸ್‌ರೇ ತೆಗೆಸಿದಾಗ ಸೊಂಟದ ಒಂದು ಕಶೇರು ಕೂಡ ಜಜ್ಜಿಹೋಗಿತ್ತು. ಎತ್ತರದಿಂದ ಜಿಗಿದು ಹಿಮ್ಮಡಿ ಮುರಿದುಕೊಂಡವರ ಬೆನ್ನುಮೂಳೆಯನ್ನೂ ಪರೀಕ್ಷಿಸಲೇಬೇಕು ಎಂಬುದು ವೈದ್ಯರಿಗೆ ಹಳೆಯ ಪಾಠ. ಓದುಗರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ಯುವಕನಿಗೆ ಶಕ್ತಿಯ ಕೊರತೆ ಇರಲಿಲ್ಲ. ಅವನಿಗೆ ಬಾರದೇ ಇದ್ದದ್ದು ಇಳಿಯುವ ವಿದ್ಯೆ.

ಇಳಿಯುವುದೇಕೆ ಕಷ್ಟ?

ಹತ್ತುವಾಗ ಮುಂದಿನ ಹಿಡಿತ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಅದು ನಿಮ್ಮ ಕಾಲ ಕೆಳಗೆ, ಕಣ್ಣಿಗೆ ಮರೆಯಾಗಿ ಇರುತ್ತದೆ. ಅಷ್ಟು ಹೊತ್ತಿಗೆ ಬೆರಳು, ಮುಂಗೈಗಳು ಸೋತಿರುತ್ತವೆ. ತೊಡೆಯ ಸ್ನಾಯುಗಳ ಕೆಲಸವೂ ಬೇರೆ ಬಗೆಯದು. ಹತ್ತುವಾಗ ಅವು ಸಂಕುಚಿಸುತ್ತ ದೇಹವನ್ನು ಎತ್ತುತ್ತವೆ. ಇಳಿಯುವಾಗ ಭಾರವನ್ನು ತಡೆದುಕೊಂಡೇ ಉದ್ದವಾಗಬೇಕಾಗುತ್ತದೆ. ಇದರಿಂದ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು. ಬೆಟ್ಟ ಹತ್ತಿಳಿದ ಒಂದೆರಡು ದಿನಗಳ ಬಳಿಕ ಮೆಟ್ಟಿಲಿಳಿಯಲು ಕಾಲು ಬಾರದಿರುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ಕಬ್ಬು ಹೇರುವವರನ್ನು ನೋಡಿ. ತಲೆಯ ಮೇಲೆ ಹೊರೆ ಹೊತ್ತು ಏಣಿ ಏರುತ್ತಾರೆ. ಕೈಗಳಿಂದ ಎಳೆದುಕೊಳ್ಳುವುದಿಲ್ಲ, ಕಾಲುಗಳಿಂದ ದೇಹವನ್ನು ಮೇಲಕ್ಕೆ ತಳ್ಳುತ್ತಾರೆ. ಬಂಡೆ ಹತ್ತಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಆದರೆ ಒಂದು ವ್ಯತ್ಯಾಸವಿದೆ. ಅವರು ಹೊರೆಯನ್ನು ಮೇಲೆ ಹಾಕಿ ಬರಿದಾಗಿ ಇಳಿಯುತ್ತಾರೆ. ಬಂಡೆ ಹತ್ತಿದವನಿಗೆ ತನ್ನ ದೇಹವೇ ಹೊರೆ. ಅದನ್ನು ಹೊತ್ತುಕೊಂಡೇ ಇಳಿಯಬೇಕು.

2022ರ ಫೆಬ್ರುವರಿ ತಿಂಗಳೊಂದರಲ್ಲೇ ನಡೆದ ಎರಡು ಘಟನೆಗಳು ನಿಮಗೆ ನೆನಪಿರಬಹುದು. ಕೇರಳದ ಮಲಂಪುಳದ ಬಳಿ ಬೆಟ್ಟ ಏರಿದ ಯುವಕನೊಬ್ಬ ಜಾರಿ, ಕಡಿದಾದ ಬಂಡೆಯ ಸಂದಿನಲ್ಲಿ ಸಿಲುಕಿ, ಅನ್ನ ನೀರಿಲ್ಲದೆ 40 ಗಂಟೆಗೂ ಹೆಚ್ಚು ಕಾಲ ಕಳೆದ. ಸೈನ್ಯದ ಪರ್ವತಾರೋಹಿಗಳು ಬಂದು ಅವನನ್ನು ಮೇಲೆತ್ತಿದರು. ಅದೇ ತಿಂಗಳು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿ ಸುಮಾರು 300 ಅಡಿ ಕೆಳಕ್ಕೆ ಜಾರಿಬಿದ್ದ. ಅವನನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಪಾರುಮಾಡಿತು. ಇಬ್ಬರೂ ಬದುಕಿದ್ದು ಅದೃಷ್ಟ. ಎಲ್ಲರಿಗೂ, ಎಲ್ಲ ಬೆಟ್ಟದಲ್ಲೂ ಹೆಲಿಕಾಪ್ಟರ್ ಬರುವುದಿಲ್ಲ.

ಆದುದರಿಂದ ಮೊದಲ ಪಾಠ ಇದು: ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲೇ ಅಡ್ಡಡ್ಡ ಚಲಿಸುವುದನ್ನೂ ಇಳಿಯುವುದನ್ನೂ ಕಲಿಯಿರಿ. ಹತ್ತಿದ ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ಇಳಿದು ನೋಡಿ. ಇಳಿಯಲು ಬಾರದ ಹೆಜ್ಜೆಯನ್ನು ಹಗ್ಗವಿಲ್ಲದೆ ಹತ್ತಬೇಡಿ.

ಎಂಟು ವಾರಗಳ ಸಿದ್ಧತೆ

ವ್ಯಾಯಾಮ ಶುರು ಮಾಡಿದ ಕೆಲವೇ ವಾರಗಳಲ್ಲಿ ಸ್ನಾಯುಗಳು ಬಲವಾಗುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳೂ ಕೀಲುಗಳ ಕಟ್ಟುಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸಬರಿಗೆ ಗಾಯವಾಗುವುದು ಈ ಅಂತರದಲ್ಲಿ. ತೋಳಿನಲ್ಲಿ ಬಲ ಬಂದಿರುತ್ತದೆ, ಬೆರಳು ಇನ್ನೂ ಸಿದ್ಧವಾಗಿರುವುದಿಲ್ಲ. ಸಣ್ಣ ಅಂಚಿನ ಮೇಲೆ ಇಡೀ ದೇಹದ ಭಾರ ಬಿದ್ದಾಗ ಉಂಗುರದ ಬೆರಳಿನಲ್ಲಿ ‘ಟಪ್’ ಎಂದು ಸದ್ದಾಗಿ ನೋವು, ಊತ ಕಾಣಿಸಿಕೊಂಡರೆ ಬೆರಳಿನ ರಜ್ಜುವನ್ನು ಹಿಡಿದಿಡುವ ಪಟ್ಟಿ ಹರಿದಿರಬಹುದು. ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೆರಳನ್ನು ಎಳೆದು ನೆಟಿಗೆ ತೆಗೆಯುವುದು, ತಿಕ್ಕುವುದು ಬೇಡ.

ಹದಿಹರೆಯದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರ ಬೆರಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದು ಭಾಗ ಇನ್ನೂ ಉಳಿದಿರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಬೆರಳು ಸೊಟ್ಟಗಾಗಬಹುದು. ಮಗ ಅಥವಾ ಮಗಳು ಬೆರಳಿನ ನಡುಗಂಟು ನೋಯುತ್ತದೆ ಎಂದರೆ ಉದಾಸೀನ ಮಾಡಬೇಡಿ.

ಸಮತಟ್ಟಾದ ಊರಿನಲ್ಲಿದ್ದುಕೊಂಡು ಸಿದ್ಧರಾಗುವುದು ಹೇಗೆ? ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಆಮೇಲೆ ಶಾಲೆಯ, ನೀರಿನ ಟಾಕಿಯ ಅಥವಾ ಮನೆಯ ಮೆಟ್ಟಿಲು ಹತ್ತಿಳಿಯಿರಿ. ಇಳಿಯುವಾಗ ದಡದಡನೆ ಓಡದೆ ಒಂದೊಂದೇ ಮೆಟ್ಟಿಲನ್ನು ನಿಧಾನವಾಗಿ ಇಳಿಯಿರಿ. ಬಸ್ಕಿ ಹೊಡೆಯುವಾಗಲೂ ಅಷ್ಟೇ, ಕೂರುವುದನ್ನು ನಿಧಾನ ಮಾಡಿ. ಒಂಟಿ ಕಾಲಿನ ಮೇಲೆ ನಿಂತು ಸಮತೋಲ ಅಭ್ಯಾಸ ಮಾಡಿ. ಐದನೆಯ ವಾರದಿಂದ ನಾಲ್ಕೈದು ಕಿಲೋ ತೂಕದ ಚೀಲ ಬೆನ್ನಿಗೇರಿಸಿ. ವಾರಕ್ಕೆ ಎರಡು ದಿನ ಪೂರ್ಣ ವಿಶ್ರಾಂತಿ ಇರಲಿ. ಗರಡಿಯ ಸಾಮು ಮಾಡಿದವರು ಹಗ್ಗ ಹತ್ತುವುದನ್ನು ಬಲ್ಲರು. ಅವರೂ ಹಗ್ಗದಿಂದ ಜಾರದೆ ಕೈ ಮೇಲೆ ಕೈ ಇಟ್ಟು ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಲಿ.

ಹೃದ್ರೋಗ, ರಕ್ತದ ಒತ್ತಡ, ಮಧುಮೇಹ, ಉಬ್ಬಸ, ಮೂರ್ಛೆರೋಗ ಇರುವವರು ಹೊರಡುವ ಮುನ್ನ ವೈದ್ಯರ ಸಲಹೆ ಪಡೆಯಬೇಕು. ವ್ಯಾಯಾಮದ ರೂಢಿಯಿಲ್ಲದ ನಲವತ್ತು ದಾಟಿದವರಿಗೂ ಇದೇ ಮಾತು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಬಂಡೆಯ ಮೇಲೆ ಸಕ್ಕರೆ ಅಂಶ ಕುಸಿಯದಂತೆ ನೋಡಿಕೊಳ್ಳಬೇಕು. ತಮ್ಮ ಕಾಯಿಲೆಯ ವಿಷಯವನ್ನು ಜತೆಗಾರರಿಗೆ ತಿಳಿಸಿರಬೇಕು.

ಹಗ್ಗದ ಲೆಕ್ಕ

ಬಾವಿಗೆ ಬಿಡುವ, ಟ್ರ್ಯಾಕ್ಟರಿಗೆ ಕಟ್ಟುವ ಹಗ್ಗ ಎಷ್ಟೇ ಗಟ್ಟಿಯಾಗಿರಲಿ, ಬಂಡೆ ಹತ್ತಲು ಅದು ಸಲ್ಲದು. ಬಿದ್ದವನನ್ನು ಆ ಹಗ್ಗ ತಕ್ಷಣ ನಿಲ್ಲಿಸಿಬಿಡುತ್ತದೆ. ಆ ಜಗ್ಗುವಿಕೆಗೆ ಬೆನ್ನು, ಸೊಂಟ ಮುರಿಯಬಹುದು. ಶಿಲಾರೋಹಣದ ಹಗ್ಗ ಬೀಳುವಿಕೆಯ ಹೊತ್ತಿನಲ್ಲಿ ಹಿಗ್ಗಿ, ಪೆಟ್ಟನ್ನು ಹೀರಿಕೊಳ್ಳುವಂತೆ ತಯಾರಾಗಿರುತ್ತದೆ. ಅದರ ಮೇಲೆ ಯುಐಎಎ ಅಥವಾ ಯುರೋಪಿನ ಮಾನಕದ ಗುರುತು ಇರುತ್ತದೆ. ಹೆಲ್ಮೆಟ್, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಕೊಂಡಿಗಳು ಎಲ್ಲಕ್ಕೂ ಇದೇ ನಿಯಮ. ಮೋಟಾರ್ ಸೈಕಲ್ಲಿನ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ.

ಸಲಕರಣೆಗಿಂತಲೂ ಮುಖ್ಯವಾದದ್ದು ಕೆಳಗೆ ನಿಂತು ಹಗ್ಗ ಕಾಯುವವನ ಗಮನ. ಹತ್ತುವವನ ಜೀವ ಅವನ ಕೈಯಲ್ಲಿದೆ. ಹತ್ತುವ ಮುನ್ನ ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸಬೇಕು: ಎಂಟರ ಆಕಾರದ ಗಂಟು ಸರಿಯಾಗಿದೆಯೇ, ಹಾರ್ನೆಸ್ಸಿನ ಬಕಲ್ ಬಿಗಿಯಾಗಿದೆಯೇ, ಕೊಂಡಿಯ ಬಾಯಿ ತಿರುಪಿ ಮುಚ್ಚಿದೆಯೇ? ಹತ್ತು ವರ್ಷ ಅನುಭವ ಇದ್ದವರೂ ಪ್ರತಿ ಸಲ ಇದನ್ನು ಮಾಡುತ್ತಾರೆ.

ಇಲ್ಲಿಯೂ ಅಪಾಯ ಕಾದಿರುವುದು ಇಳಿಯುವ ಹೊತ್ತಿಗೆ. 30 ಮೀಟರ್ ಎತ್ತರಕ್ಕೆ ಹತ್ತಿದವನನ್ನು ಹಗ್ಗದ ಮೇಲೆ ಇಳಿಸಲು ಹೋಗುವುದಕ್ಕೂ ಬರುವುದಕ್ಕೂ ಸೇರಿ ಕನಿಷ್ಠ 60 ಮೀಟರ್ ಹಗ್ಗ ಬೇಕು. ಹಗ್ಗ ಚಿಕ್ಕದಾಗಿದ್ದರೆ ಅದರ ತುದಿ ಕಾಯುವವನ ಉಪಕರಣದಿಂದ ನುಸುಳಿಹೋಗಿ, ಇಳಿಯುತ್ತಿದ್ದವನು ನೆಲಕ್ಕೆ ಬೀಳುತ್ತಾನೆ. ನುರಿತವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಇದನ್ನು ತಪ್ಪಿಸಲು ಬೇಕಾದದ್ದು ಒಂದೇ ಒಂದು ಗಂಟು. ಹಗ್ಗದ ತುದಿಗೆ ದಪ್ಪನೆಯ ಗಂಟು ಹಾಕಿ. ಅದನ್ನು ಕಟ್ಟಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಬಾದಾಮಿಗೆ ಹೊರಟವರಿಗೆ

ಬಾದಾಮಿಯಲ್ಲಿ ಬಂಡೆ ಹತ್ತಲು ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಆಗಲೂ ಬೆಳಿಗ್ಗೆ ಮತ್ತು ಸಂಜೆ, ಬಂಡೆಗೆ ನೆರಳು ಬಿದ್ದಾಗ ಹತ್ತುವುದು ಲೇಸು. ಮಳೆಯಾದ ಮೇಲೆ ಒಂದೆರಡು ದಿನ ಬಿಡಿ. ಮರಳುಗಲ್ಲು ನೀರು ಹೀರಿ ಒಳಗೇ ಮೆದುವಾಗಿರುತ್ತದೆ, ಮೇಲ್ಮೈ ಒಣಗಿದಂತೆ ಕಂಡರೂ ಹಿಡಿದ ಅಂಚು ಕಿತ್ತು ಬರಬಹುದು. ಗುಹಾದೇವಾಲಯ, ಕೋಟೆ, ಗುಡಿಗಳು ಸಂರಕ್ಷಿತ ಸ್ಮಾರಕಗಳು. ಮೂರನೆಯ ಗುಹೆಯಲ್ಲಿರುವ ಶಾಸನವೇ ಕ್ರಿ.ಶ. 578ರದು. ಅವುಗಳ ಮೈಮೇಲೆ ಹತ್ತುವ ಯೋಚನೆಯೂ ಬೇಡ. ಎಲ್ಲಿ ಹತ್ತಬಹುದೆಂಬುದನ್ನು ಸ್ಥಳೀಯ ತರಬೇತುದಾರರಿಂದ ತಿಳಿದುಕೊಳ್ಳಿ.

ಬಿಸಿಲಿನ ವಿಷಯ. ಬಾಯಾರುವ ತನಕ ಕಾಯದೆ ಆಗಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಹೆಚ್ಚು ಬೆವರಿದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಒಳ್ಳೆಯದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಸಕ್ಕರೆ ನಿಮ್ಮೂರಲ್ಲೇ ತಯಾರಾಗುತ್ತದೆಂದು ಹೆಚ್ಚು ಸುರಿಯಬೇಡಿ, ಅಳತೆ ತಪ್ಪಿದರೆ ಪ್ರಯೋಜನವಿಲ್ಲ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಉಂಡೆ, ಬಾಳೆಹಣ್ಣು ಸಾಕು. ಕೋತಿಗಳ ಕಣ್ಣಿಗೆ ಬೀಳದಂತೆ ಕಟ್ಟಿಡಿ. ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಅದು ಸೂರ್ಯಾಘಾತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಹತ್ತುವ ಮುನ್ನ ಇಡೀ ಬಂಡೆಯ ಮೇಲೆ ಕಣ್ಣಾಡಿಸಿ. ಸುಗಂಧ ಲೇಪನ, ಹೊಗೆ, ಕೂಗಾಟ ಬೇಡ. ಹುಳು ಎದ್ದರೆ ಹಗ್ಗದ ಮೇಲಿರುವವನನ್ನು ಕೂಡಲೇ ಇಳಿಸಿ, ಮುಖ ಮುಚ್ಚಿಕೊಂಡು ದೂರ ಓಡಿ. ಮುಳ್ಳುಗಳನ್ನು ಆದಷ್ಟು ಬೇಗ ತೆಗೆಯಿರಿ. ಕಚ್ಚಿದ ಮೇಲೆ ಮೈಯೆಲ್ಲ ದದ್ದು, ತುಟಿ ನಾಲಗೆಗಳ ಊತ, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆ ಸೇರಿಸಿ.

ಬಿದ್ದವರನ್ನು ಎತ್ತಬೇಡಿ

ಬಿದ್ದವನನ್ನು ಕಂಡ ಕೂಡಲೇ ನಾಲ್ಕು ಜನ ಓಡಿಬಂದು ಕೈಕಾಲು ಹಿಡಿದೆತ್ತಿ ಕೂರಿಸಿ ನೀರು ಕುಡಿಸುವುದು ನಮ್ಮ ರೂಢಿ. ಉದ್ದೇಶ ಒಳ್ಳೆಯದು, ಪರಿಣಾಮ ಕೆಟ್ಟದು. ಬೆನ್ನುಮೂಳೆ ಮುರಿದಿದ್ದರೆ ಆ ಒಂದು ಎತ್ತುವಿಕೆಯಿಂದ ನರಹುರಿಗೆ ಪೆಟ್ಟಾಗಿ, ನಡೆಯಬಹುದಾಗಿದ್ದವನು ಜೀವಮಾನವಿಡೀ ನಡೆಯದಂತಾಗಬಹುದು.

ಮೊದಲು ಮೇಲಿನಿಂದ ಇನ್ನೂ ಕಲ್ಲು ಬೀಳುತ್ತಿದೆಯೇ ನೋಡಿ. ಬಿದ್ದವನ ಹೆಸರು ಹಿಡಿದು ಮಾತಾಡಿಸಿ. ಉಸಿರಾಟ ಗಮನಿಸಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒಬ್ಬರು ತಲೆಯ ಎರಡೂ ಬದಿಗೆ ಕೈಯಿಟ್ಟು ಕತ್ತು ಅಲುಗದಂತೆ ಹಿಡಿಯಲಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ನೀರು, ಚಹ ಏನನ್ನೂ ಬಾಯಿಗೆ ಹಾಕಬೇಡಿ. ಉಸಿರೇ ನಿಂತಿದ್ದರೆ ಮಾತ್ರ ಉಳಿದೆಲ್ಲ ಬಿಟ್ಟು ಎದೆ ಒತ್ತುವ ಚಿಕಿತ್ಸೆ ಶುರು ಮಾಡಬೇಕು. ಅದನ್ನು ಮೊದಲೇ ಕಲಿತಿರಿ. ತಲೆಗೆ ಪೆಟ್ಟಾದವರು ಎದ್ದು ನಡೆದಾಡಿದರೂ ಎರಡು ದಿನ ಅವರನ್ನು ಒಂಟಿಯಾಗಿ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು.

ಹಗ್ಗದಲ್ಲಿ ಅಲುಗಾಡದೆ ನೇತಾಡುತ್ತಿರುವವನ ರಕ್ತ ಕಾಲುಗಳಲ್ಲಿ ತಂಗಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದಷ್ಟು ಬೇಗ ಕೆಳಗಿಳಿಸಿ ಅಂಗಾತ ಮಲಗಿಸಿ. ಕೂರಿಸಿಯೇ ಇರಿಸಬೇಕೆಂಬ ಹಳೆಯ ಸಲಹೆಯನ್ನು ಈಗ ಕೈಬಿಡಲಾಗಿದೆ.

ಹಿಮಾಲಯದ ಕನಸುಳ್ಳವರಿಗೆ

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಎಂದರೆ ಕರ್ನಾಟಕದ ಯಾವ ಬೆಟ್ಟ ಹತ್ತಿದರೂ ಎತ್ತರಕ್ಕೆ ನಿಮ್ಮ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದು ತಿಳಿಯದು. ಪೈಲ್ವಾನನಿಗೂ ಇದು ಬರಬಹುದು. 3,000 ಮೀಟರ್ ದಾಟಿದ ಬಳಿಕ ಮಲಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಿ. ತಲೆನೋವು, ವಾಕರಿಕೆ, ಸುಸ್ತು ಕಂಡರೆ ಮೇಲೇರುವುದನ್ನು ನಿಲ್ಲಿಸಿ. ತೂರಾಡುವ ನಡಿಗೆ, ಗೊಂದಲ, ಕುಳಿತಿದ್ದಾಗಲೂ ಏದುಸಿರು ಕಂಡರೆ ಬೆಳಗಾಗುವ ತನಕ ಕಾಯದೆ ಇಳಿಸಬೇಕು. ಅದಕ್ಕೆ ಮೊದಲ ಮದ್ದು ಇಳಿಯುವುದೇ.

2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಅಸುನೀಗಿದರು. ಬೆಟ್ಟದಲ್ಲಿ ಹವೆ ಯಾರ ಅನುಭವವನ್ನೂ ಲೆಕ್ಕಿಸದೆ ತಾಸೊತ್ತಿನಲ್ಲಿ ಬದಲಾಗುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮೊದಲು ನಡುಕ, ಆಮೇಲೆ ಮಾತಿನ ತೊದಲು, ಮಂಕು. ನಡುಕ ತಾನಾಗಿ ನಿಂತರೆ ಸುಧಾರಿಸಿತೆಂದಲ್ಲ, ಕೈಮೀರುತ್ತಿದೆ ಎಂದರ್ಥ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಿ, ಗಾಳಿಗೆ ಮರೆಮಾಡಬೇಕು. ನಮ್ಮೂರಿನ ಹತ್ತಿಯ ಬಟ್ಟೆ ಅಲ್ಲಿ ಒದ್ದೆಯಾದರೆ ಶತ್ರು. ಉಣ್ಣೆಯ ಅಂಗಿ, ಗಾಳಿ ಮಳೆ ತಡೆಯುವ ಮೇಲಂಗಿ ಚೀಲದ ತಳದಲ್ಲಿರದೆ ಕೈಗೆಟಕುವಲ್ಲಿ ಇರಲಿ.

ಎಲ್ಲಿ ಕಲಿಯಬೇಕು?

ಈ ಲೇಖನ ಓದಿ ಯಾರೂ ಬಂಡೆ ಹತ್ತಲು ಕಲಿಯಲಾರರು. ಕಲಿಯಲು ಗುರು ಬೇಕು. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಪರ್ವತಾರೋಹಣವನ್ನೇ ಕಲಿಯಬಯಸುವವರಿಗೆ 1954ರಲ್ಲಿ ಸ್ಥಾಪನೆಯಾದ ಡಾರ್ಜಿಲಿಂಗಿನ ಹಿಮಾಲಯನ್ ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟ್, 1965ರಲ್ಲಿ ಸ್ಥಾಪನೆಯಾದ ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್ ಆಫ್ ಮೌಂಟೆನಿಯರಿಂಗ್ ಇವೆ. ಅಲ್ಲಿಯ ಪ್ರಾಥಮಿಕ ತರಬೇತಿ ಸುಮಾರು ನಾಲ್ಕು ವಾರಗಳದು.

ತಂದೆ ತಾಯಂದಿರಿಗೆ ಒಂದು ಮಾತು. ಹೋಗಬೇಡ ಎಂದರೆ ಮಕ್ಕಳು ಹೇಳದೆ ಹೋಗುತ್ತಾರೆ. ಹೇಳದೆ ಹೋದವರು ಸಿಲುಕಿಕೊಂಡರೆ ಹುಡುಕುವುದು ಎಲ್ಲಿ? ಅದರ ಬದಲು ಕೇಳಿ: ಯಾರ ಜತೆ ಹೋಗುತ್ತಿ, ಯಾವ ಬಂಡೆ, ಎಷ್ಟು ಹೊತ್ತಿಗೆ ಇಳಿಯುತ್ತಿ, ಕಲಿಸುವವರು ಯಾರು? ಈ ನಾಲ್ಕು ಪ್ರಶ್ನೆಗೆ ಉತ್ತರ ಇದ್ದರೆ ಕಳಿಸಿ.

ಹಿಮ್ಮಡಿ ಮುರಿದುಕೊಂಡ ಆ ಯುವಕ ಮೂರು ತಿಂಗಳು ಕಾಲೂರಲಿಲ್ಲ. ಆ ವರ್ಷ ಕಬ್ಬಿನ ಹಂಗಾಮು ಪೂರ್ತಿ ಕೆಲಸ ತಪ್ಪಿತು. ಮನೆಯ ದುಡಿಮೆಯೆಲ್ಲ ಅವನ ತಂದೆಯ ಮೇಲೆ ಬಿತ್ತು. ಆಮೇಲೆ ಅವನು ತರಬೇತಿ ಪಡೆದು, ಹಗ್ಗ ಕಟ್ಟಿಕೊಂಡು ಮತ್ತೆ ಬಂಡೆ ಹತ್ತಿದ. ಒಮ್ಮೆ ಭೇಟಿಯಾದಾಗ, ಅರ್ಧ ಹತ್ತಿದ ಮೇಲೆ ಮೋಡ ಕಂಡು ಇಳಿದುಬಂದೆ ಎಂದು ಹೇಳಿದ. ಗೆಳೆಯರು ನಕ್ಕರಂತೆ. ನಾನು ಅವನ ಬೆನ್ನು ತಟ್ಟಿದೆ.

ಹೊರಡುವ ಮುನ್ನ ನೆನಪಿಡಿ

● ಒಬ್ಬರೇ ಹೋಗಬೇಡಿ. ಹೋಗುವ ಜಾಗ, ಮರಳುವ ಹೊತ್ತು ಮನೆಯಲ್ಲಿ ತಿಳಿಸಿ.
● ಹತ್ತಲು ಶುರು ಮಾಡುವ ಮುನ್ನ ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ.
● ಗಂಟು, ಬಕಲ್, ಕೊಂಡಿ, ಹಗ್ಗದ ತುದಿ: ಪ್ರತಿ ಸಲ ನಾಲ್ಕನ್ನೂ ನೋಡಿ.
● ಅರ್ಧ ಶಕ್ತಿ ಉಳಿದಿರುವಾಗಲೇ ಇಳಿಯಲು ಆರಂಭಿಸಿ.
● ಮದ್ಯ ಸೇವಿಸಿ ಬೆಟ್ಟದ ಕಡೆ ಸುಳಿಯಬೇಡಿ.
● ಫೋಟೊಗಾಗಿ ಅಂಚಿನಲ್ಲಿ ಬೆನ್ನು ಮಾಡಿ ನಿಲ್ಲಬೇಡಿ.
● ಹಾವು ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ ಸಾಗಿಸಿ.